ಒಳಜೇಬು

ಹಳೆಯ ಬಸ್ ಡಿಪೋದಲ್ಲಿ ಈಗ ಬಸ್ಸುಗಳಿಲ್ಲ, ಮನುಷ್ಯರಿದ್ದಾರೆ. ಬಸ್ಸು ನಿಲ್ಲಿಸಲೆಂದು ನೆಲದ ಮೇಲೆ ಎಳೆದಿದ್ದ ಬಿಳಿ ಗೆರೆಗಳೇ ಮನೆಗಳ ಗಡಿ. ಗೆರೆಯ ನೇರಕ್ಕೆ ಹಗ್ಗ, ಹಗ್ಗದ ಮೇಲೆ ಹೊದಿಕೆ, ಅದೇ ಗೋಡೆ. ಕಂಬದ ಮೇಲಿನ ನಂಬರೇ ವಿಳಾಸ. ನಿಮ್ಮ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಿದರೆ ‘ಹದಿನಾಲ್ಕು’ ಎನ್ನುತ್ತಾರೆ, ಹುಟ್ಟಿದಾಗಿನಿಂದ ಅಲ್ಲೇ ಬಾಳಿದವರಂತೆ. ಬಸ್ಸಿನ ಅಡಿಭಾಗ ರಿಪೇರಿ ಮಾಡಲು ತೋಡಿದ್ದ ಉದ್ದನೆಯ ತಗ್ಗುಗಳಿಗೆ ಹಲಗೆ ಮುಚ್ಚಿದ್ದಾರೆ. ಅದರ ಮೇಲೆ ಒಬ್ಬರು ಕಾಲಿಟ್ಟರೆ ಸಾಕು, ಇಡೀ ಡಿಪೋ ತಲೆಯೆತ್ತಿ ನೋಡುತ್ತದೆ.

ಹನ್ನೊಂದನೇ ನಂಬರಿನವಳಿಗೆ ಡಿಪೋದವರು ಇಟ್ಟ ಹೆಸರು ಸೂಜಿ. ಮೈಕಟ್ಟೂ ಹಾಗೇ, ಕೆಲಸವೂ ಅದೇ. ಹತ್ತೊಂಬತ್ತು ವರ್ಷ, ಒಂಟಿ ಜೀವ. ತಂದೆಯ ಮುಖ ಅವಳಿಗೆ ನೆನಪಿಲ್ಲ. ತಾಯಿ ಇಲ್ಲಿಗೆ ಬರುವ ದಾರಿಯಲ್ಲೇ ತೀರಿಕೊಂಡಿದ್ದಳು. ನಾಲ್ಕು ಜನ ಸೇರಿದ ಕಡೆ ಸೂಜಿ ಐದನೆಯವಳಾಗಿ ನಿಲ್ಲುವವಳಲ್ಲ, ಕಂಬದ ಪಕ್ಕ ಇನ್ನೊಂದು ಕಂಬವಾಗಿ ನಿಲ್ಲುವವಳು. ‘ಕಲ್ಲಿಂದ ನಾರು ತೆಗೀಬಹುದು, ಇವಳ ಬಾಯಿಂದ ಮಾತು ತೆಗೆಯೋಕಾಗಲ್ಲ’ ಎಂದು ಜೊತೆಗೆ ಹೊಲಿಯುವ ಗುಂಡಿಯಕ್ಕ ಆಡಿಕೊಳ್ಳುತ್ತಿದ್ದಳು. ಆದರೆ ಮಾತಿಗೆ ಖರ್ಚಾಗದ್ದೆಲ್ಲ ಸೂಜಿಯ ಕಣ್ಣಿಗೆ ಜಮೆಯಾಗಿತ್ತು. ಯಾರ ಮಗುವಿನ ಚಪ್ಪಲಿ ಯಾವ ಕಡೆ ಸವೆದಿದೆ, ಯಾರು ಊಟದ ಸರದಿಯಲ್ಲಿ ಬೇಕೆಂದೇ ಕೊನೆಗೆ ನಿಲ್ಲುತ್ತಾರೆ, ಯಾರು ಬಾಗಿಲಿಗೆ ಬೆನ್ನು ಹಾಕಿ ಕೂರುವುದೇ ಇಲ್ಲ, ಎಲ್ಲ ಅವಳಿಗೆ ಗೊತ್ತಿತ್ತು.

ಹೊಲಿಗೆ ನಡೆಯುತ್ತಿದ್ದದ್ದು ಮೊದಲು ಬಸ್ಸಿನ ಬಿಡಿಭಾಗ ಇಡುತ್ತಿದ್ದ ಕೋಣೆಯಲ್ಲಿ. ಗೋಡೆಯ ಗೂಡುಗಳ ಮೇಲೆ ‘ಬ್ರೇಕ್’, ‘ಗೇರ್’, ‘ಫ್ಯಾನ್ ಬೆಲ್ಟ್’ ಎಂದು ಬರೆದದ್ದು ಇನ್ನೂ ಅಳಿಸಿರಲಿಲ್ಲ. ಈಗ ಬ್ರೇಕಿನ ಗೂಡಿನಲ್ಲಿ ಕಾಲರುಗಳು, ಗೇರಿನ ಗೂಡಿನಲ್ಲಿ ತೋಳುಗಳು. ಬಟ್ಟೆ ಕತ್ತರಿಸುವವನು ಕಟಿಂಗ್ ಮಾಮ. ಊರಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದವನು, ಓಡಿ ಬರುವಾಗ ಕತ್ತರಿಯೊಂದನ್ನೇ ತಂದವನು. ಗುಂಡಿ, ಕಾಜ ಗುಂಡಿಯಕ್ಕನ ಪಾಲು. ತುಳಿಯುವ ಮಿಷನ್ನು ಸೂಜಿಯದು.

ಮಿಷನ್ನಿನ ಅಡಿಯಲ್ಲಿ ಇನ್ನೊಬ್ಬಳು ಇರುತ್ತಿದ್ದಳು. ಎಂಟು ವರ್ಷದ ಹುಡುಗಿ. ಹಳದಿ ಫ್ರಾಕಿನಲ್ಲಿ ಬಂದಳು, ಬಂದು ಹತ್ತು ತಿಂಗಳಾದರೂ ಅದನ್ನು ಬಿಚ್ಚಲಿಲ್ಲ. ಹಾಗಾಗಿ ಅವಳ ಹೆಸರು ಹಳದಿ ಎಂದೇ ಆಯಿತು. ಅವಳನ್ನು ದಾರಿಯಲ್ಲಿ ಕಂಡು ಕೈಹಿಡಿದು ಕರೆತಂದವಳು ಬೆಂಚಜ್ಜಿ, ಇಪ್ಪತ್ತೆರಡನೇ ನಂಬರಿನ ಪಕ್ಕ ಪ್ರಯಾಣಿಕರ ಬೆಂಚಿನ ಮೇಲೆ ಸಂಸಾರ ಹೂಡಿದ ಮುದುಕಿ. ಫ್ರಾಕನ್ನು ಮೈ ಮೇಲೇ ಒಗೆದು ಮೈ ಮೇಲೇ ಒಣಗಿಸಬೇಕಿತ್ತು. ನಲ್ಲಿಯ ಕೆಳಗೆ ಹಳದಿಯನ್ನು ಬಟ್ಟೆ ಸಮೇತ ನಿಲ್ಲಿಸಿ ಸೋಪು ಹಚ್ಚುತ್ತಾ ಅಜ್ಜಿ, ‘ಪಾತ್ರೆ ತೊಳೆದ ಹಾಗೆ ತೊಳೀಬೇಕು ಕಣ್ರೇ ಇವಳನ್ನ’ ಎನ್ನುತ್ತಿದ್ದಳು. ಹೆಸರು ಕೇಳಿದರೆ ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ಮೂಗಿಯಲ್ಲ. ಹಸಿವು ಎನ್ನುತ್ತಿದ್ದಳು, ಬೇಡ ಎನ್ನುತ್ತಿದ್ದಳು. ಹೆಸರು ಮಾತ್ರ ಇಲ್ಲ.

ಮಿಷನ್ನಿನ ಕೆಳಗೆ ಕೂತು ಅವಳು ತುಂಡು ದಾರಗಳನ್ನು ಆರಿಸಿ ಒಂದು ತಗಡಿನ ಡಬ್ಬಿಗೆ ತುಂಬುತ್ತಿದ್ದಳು. ಮೇಲೆ ಸೂಜಿಯ ಕಾಲು ತುಳಿಯುವುದು, ಕೆಳಗೆ ಹಳದಿಯ ಕೈ ಆರಿಸುವುದು. ಇಡೀ ದಿನದಲ್ಲಿ ಇಬ್ಬರ ನಡುವೆ ಹತ್ತು ಮಾತು ಆಗುತ್ತಿತ್ತೋ ಇಲ್ಲವೋ. ಆ ಹತ್ತು ಮಾತು ಸೂಜಿಗೆ ಸಾಕಾಗುತ್ತಿತ್ತು. ಸಂಜೆ ಹನ್ನೊಂದನೇ ನಂಬರಿನ ಹೊದಿಕೆ ಸರಿಸಿ ಒಳಗೆ ಹೋದರೆ ಮತ್ತೆ ಬೆಳಗಿನವರೆಗೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಆ ಸೋಮವಾರ ಕನ್ನಡಕದ ಟೀಚರ್ ಫೈಲು ಹಿಡಿದು ಬಂದರು. ರಸ್ತೆಯ ಆಚೆಯ ಶಾಲೆಯವರು. ಡಿಪೋದ ಮಕ್ಕಳನ್ನು ಸೇರಿಸಿಕೊಳ್ಳಲು ಮೂರು ತಿಂಗಳು ಓಡಾಡಿ ಒಪ್ಪಿಗೆ ತಂದವರು ಅವರೇ. ಮುಂದಿನ ಸೋಮವಾರ ಶಾಲೆ ಶುರು. ಅದಕ್ಕಾಗಿಯೇ ಥಾನುಗಟ್ಟಲೆ ನೀಲಿ ಬಟ್ಟೆ ಬಂದಿತ್ತು, ಅರವತ್ತಮೂರು ಮಕ್ಕಳ ಲೆಕ್ಕಕ್ಕೆ.

‘ಅರವತ್ತೆರಡು ಹೆಸರು ಬಂತು. ಅರವತ್ತಮೂರನೇದು ಇನ್ನೂ ಖಾಲಿ ಇದೆ,’ ಎಂದರು ಟೀಚರ್.

‘ಹಳದಿ ಅಂತ ಬರ್ಕೊಂಡು ಬಿಡಿ ಟೀಚರ್,’ ಎಂದಳು ಗುಂಡಿಯಕ್ಕ. ‘ನನ್ನನ್ನ ಗುಂಡಿ ಅಂತಾರೆ, ನಾನೇನು ಸತ್ತುಹೋದ್ನಾ?’

‘ನೀವು ಶಾಲೆಗೆ ಬರಲ್ವಲ್ಲಮ್ಮ, ಅದಕ್ಕೆ ನಡೆಯುತ್ತೆ.’

‘ಹಾಗಾದ್ರೆ ನೀವೇ ಒಂದು ಒಳ್ಳೆ ಹೆಸರು ಇಡಿ.’

ಟೀಚರ್ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿದರು. ‘ಇಡಬಹುದು. ಆದರೆ ಈ ಪಟ್ಟಿ ಬರೀ ಹಾಜರಿ ಕರೆಯೋಕಲ್ಲ. ಎಲ್ಲ ಶಿಬಿರಗಳ ಪಟ್ಟಿಯೂ ಒಂದು ಕಡೆ ಸೇರುತ್ತೆ. ಮಕ್ಕಳನ್ನ ಹುಡುಕೋರು ಅದನ್ನೇ ನೋಡ್ತಾರೆ. ಇವಳ ತಾಯಿ ಎಲ್ಲೋ ಕೂತು ಮಗಳ ಹೆಸರು ಹುಡುಕ್ತಾ ಇದ್ದರೆ? ನಾವಿಟ್ಟ ಹೆಸರಿನ ಕೆಳಗೆ ಮಗು ಇನ್ನೊಂದು ಸಲ ಕಳೆದುಹೋಗುತ್ತೆ.’ ಬಗ್ಗಿ ಮಿಷನ್ನಿನ ಅಡಿ ನೋಡಿದರು. ‘ಶನಿವಾರ ಸಂಜೆ ಪಟ್ಟಿ ಕಳಿಸ್ತೀನಿ. ಅಷ್ಟರೊಳಗೆ ಹೆಸರು ಹೇಳ್ತೀಯಾ, ಪುಟ್ಟಿ? ಇಲ್ಲಾಂದ್ರೆ ಮುಂದಿನ ವರ್ಷವೇ.’

ಹಳದಿ ಡಬ್ಬಿಯ ಮುಚ್ಚಳ ಹಾಕಿದಳು.

ಬುಧವಾರ ಮಧ್ಯಾಹ್ನ ಅಂಗಿಯೊಂದನ್ನು ಒಳಮೈ ತಿರುಗಿಸಿ ದಾರ ಕತ್ತರಿಸುತ್ತಿದ್ದ ಗುಂಡಿಯಕ್ಕ ತಟ್ಟನೆ ನಿಂತಳು.

‘ಮಾಮ, ಇದೇನಿದು, ಕಳ್ಳಜೇಬು!’

ಎಡ ಕಂಕುಳಿನಿಂದ ನಾಲ್ಕು ಬೆರಳು ಕೆಳಗೆ, ಪಕ್ಕದ ಹೊಲಿಗೆಗೆ ಸೇರಿಸಿ, ಅಂಗೈಯಗಲದ ಒಂದು ಜೇಬು. ಹೊರಗಿನಿಂದ ನೋಡಿದರೆ ತಿಳಿಯುವುದೇ ಇಲ್ಲ. ಮಾಮ ಇನ್ನೊಂದು ಅಂಗಿ ತಿರುಗಿಸಿದ. ಅದರಲ್ಲೂ ಇತ್ತು. ಫ್ರಾಕು ತಿರುಗಿಸಿದ. ಅದರಲ್ಲೂ.

‘ಸೂಜೀ.’

ಮಿಷನ್ನು ನಿಂತಿತು.

‘ಇದನ್ನ ಹಾಕು ಅಂತ ಯಾರು ಹೇಳಿದ್ದು?’

‘ಯಾರೂ ಹೇಳಿಲ್ಲ.’

‘ಮತ್ತೆ?’

‘ಕೈ... ಅದೇ ಹಾಕ್ಬಿಡ್ತು, ಮಾಮ.’

ಅದು ಸುಳ್ಳಾಗಿರಲಿಲ್ಲ. ಅವಳು ಬಂದ ಕಡೆ ಯುದ್ಧವನ್ನು ಯಾರೂ ಯುದ್ಧ ಎನ್ನುತ್ತಿರಲಿಲ್ಲ, ಗಲಾಟೆ ಎನ್ನುತ್ತಿದ್ದರು, ಪಕ್ಕದ ಮನೆಯವರು ಜಗಳವಾಡಿಕೊಂಡರೋ ಎಂಬಂತೆ. ಗಲಾಟೆ ಹತ್ತಿರ ಬಂದಂತೆ ಅಲ್ಲಿಯ ತಾಯಂದಿರು ಒಂದು ರೂಢಿ ಕಲಿತರು. ತಾವು ಉಟ್ಟ ಬಟ್ಟೆಯ ಅಂಚಿನಿಂದ ಒಂದು ಚೂರು ಕತ್ತರಿಸುವುದು, ಅದರ ಮೇಲೆ ಮಗುವಿನ ಹೆಸರು, ತಂದೆಯ ಹೆಸರು, ಬೀದಿ ಬರೆಸುವುದು, ಮಗುವಿನ ಬಟ್ಟೆಯ ಒಳಗೆ ಎಡಮಗ್ಗುಲಿಗೆ ಹೊಲಿದು ಮುಚ್ಚುವುದು. ಮಗು ಕೈ ತಪ್ಪಿದರೆ ಯಾರಾದರೂ ಓದಿಯಾರು. ಓದು ಬಾರದವರ ಕೈಗೆ ಸಿಕ್ಕರೂ ಚೂರನ್ನು ತಾಯಿಯ ಅಂಚಿಗೆ ಹೊಂದಿಸಿ ನೋಡಿಯಾರು. ಬಟ್ಟೆ ಓದಲು ಅಕ್ಷರ ಬೇಡವಲ್ಲ.

ಆಗ ಸೂಜಿಗೆ ಹದಿನಾರು. ಅವಳ ಶಾಲೆಯಲ್ಲಿ ಸೈನಿಕರು ಬಂದು ಕೂತು ಮೂರು ವರ್ಷವಾಗಿತ್ತು. ಅವಳ ಓದು ಏಳನೇ ಕ್ಲಾಸಿನ ನಡುವಿನಲ್ಲೇ ನಿಂತಿತ್ತು. ಆದರೂ ಆ ಬೀದಿಯಲ್ಲಿ ಅಕ್ಷರ ದುಂಡಗೆ ಬರೆಯುವವಳು ಅವಳೇ, ಹೊಲಿಗೆ ಬರುವವಳೂ ಅವಳೇ. ಮೂವತ್ತೆಂಟು ಮಕ್ಕಳ ಚೂರು ಅವಳ ಕೈಯಲ್ಲೇ ಆದವು. ಮೂವತ್ತೆಂಟು ಸಲ ಎಡಗಂಕುಳು, ನಾಲ್ಕು ಬೆರಳು ಕೆಳಗೆ. ಆಮೇಲೆ ಆ ಕೈಗೆ ಮಕ್ಕಳ ಬಟ್ಟೆ ಎಂದರೆ ಅದೊಂದು ಇಲ್ಲದೆ ಮುಗಿದಂತೆ ಅನಿಸುತ್ತಲೇ ಇರಲಿಲ್ಲ.

‘ಮಳೆ ನಿಂತರೂ ಮರದ ಹನಿ ನಿಲ್ಲಲ್ಲ ಅನ್ನೋದು ಇದಕ್ಕೇ,’ ಎಂದು ಮಾಮ ಹಣೆ ಚಚ್ಚಿಕೊಂಡ. ‘ಹೊರಜೇಬಿಗೇ ಹಾಕೋಕೆ ಏನೂ ಇಲ್ಲದ ಮಕ್ಕಳಿಗೆ ಒಳಜೇಬು ಬೇರೆ! ಟೀಚರು ನೋಡಿದರೆ ಇವರೇನು ಮಕ್ಕಳನ್ನ ಓದೋಕೆ ಕಳಿಸ್ತಾರೋ ಕಳ್ಳಸಾಗಣೆಗೋ ಅಂತಾರೆ. ಬಿಚ್ಚು ಎಲ್ಲ.’

ಸೂಜಿ ಹೊಲಿಗೆ ಬಿಚ್ಚುವ ಬ್ಲೇಡು ಎತ್ತಿಕೊಂಡಳು. ಅಷ್ಟರಲ್ಲಿ ಇಪ್ಪತ್ತನೇ ನಂಬರಿನ ಹೆಂಗಸು ತನ್ನ ಮಗನ ಅಂಗಿ ತೆಗೆದುಕೊಂಡು ಹೋಗಲು ಬಂದಳು. ಅಂಗಿ ಹಿಡಿದು ಬೆಳಕಿಗೆ ನೋಡಿದಳು, ಹೊಲಿಗೆ ಎಳೆದು ನೋಡಿದಳು, ಒಳಗೆ ಕೈ ಹಾಕಿದಳು. ಕೈ ಎಡಮಗ್ಗುಲಿಗೆ ಬಂದು ನಿಂತಿತು. ಅವಳು ಯಾರ ಮುಖವನ್ನೂ ನೋಡಲಿಲ್ಲ.

‘ಇದನ್ನ ಬಿಚ್ಚಬೇಡಿ ಅಣ್ಣ,’ ಎಂದಳು. ಅಂಗಿಯನ್ನು ನಾಲ್ಕು ಮಡಿಕೆ ಮಾಡಿ ಎದೆಗೊತ್ತಿಕೊಂಡು ಹೋದಳು.

ಮಾಮ ಬ್ಲೇಡು ಕೆಳಗಿಡು ಎಂದು ಕೈಯಲ್ಲೇ ಹೇಳಿದ. ಸ್ವಲ್ಪ ಹೊತ್ತಾದ ಮೇಲೆ ಏನೋ ನೆನಪಾದವನಂತೆ ಗೂಡುಗಳ ಕಡೆ ತಿರುಗಿದ.

‘ಅಲ್ಲ, ಇಷ್ಟು ಜೇಬಿಗೆ ಬಟ್ಟೆ ಎಲ್ಲಿಂದ ತಗೊಂಡೆ?’

‘ಫ್ಯಾನ್ ಬೆಲ್ಟ್ ಗೂಡಲ್ಲಿ ಸುತ್ತಿಟ್ಟಿತ್ತಲ್ಲ ಮಾಮ. ಉಳಿಕೆ ಅಂದ್ಕೊಂಡೆ.’

‘ಅದು ಉಳಿಕೆ ಅಲ್ಲ ತಾಯಿ,’ ಎಂದ ಮಾಮ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಸೂಜಿಗೆ ಹೆಚ್ಚು ನೋವಾಯಿತು. ‘ಅಳತೆ ಕೊಡೋಕೆ ಮೈ ಮುಟ್ಟಿಸ್ಕೊಳ್ಳಲ್ಲ ಅಂದಳಲ್ಲ, ಅದಕ್ಕೇ ಕತ್ತರಿಸದೆ ಎತ್ತಿಟ್ಟಿದ್ದೆ. ಅದು ಹಳದಿಯದು.’

ಮಿಷನ್ನಿನ ಅಡಿಯಲ್ಲಿ ದಾರ ಆರಿಸುತ್ತಿದ್ದ ಕೈ ನಿಂತಿತು.

ಗುರುವಾರ ಮಾಮ ಶಾಲೆಗೆ ಹೋಗಿ ಕೇಳಿ ಬಂದ. ಆ ಬಣ್ಣದ ಬಟ್ಟೆ ಮತ್ತೆ ಬರಲು ಒಂದು ತಿಂಗಳು. ಬಣ್ಣಬಣ್ಣದ ಬಟ್ಟೆಯಲ್ಲಿ ಒಬ್ಬಳನ್ನೇ ಕೂರಿಸಿದರೆ ಡಿಪೋದವಳು ಎಂದು ಬೆರಳು ಮಾಡಿ ತೋರಿಸುತ್ತಾರೆ, ಅದಕ್ಕೇ ಎಲ್ಲರಿಗೂ ಒಂದೇ ಬಣ್ಣ ಎಂದಿದ್ದು ಎಂದು ಟೀಚರ್ ಹೇಳಿದರಂತೆ. ಹೆಸರೂ ಇಲ್ಲ, ಅಂಗಿಯೂ ಇಲ್ಲ. ‘ಮೊದಲೇ ಮಂಗ, ಮೇಲೆ ಚೇಳು ಕಡೀತು ಅನ್ನೋ ಹಾಗಾಯ್ತು’ ಎಂದು ಬೆಂಚಜ್ಜಿ ಬೆಂಚಿನ ಮೇಲೆ ಕಾಲು ಚಾಚಿ ಕೂತು ಹೇಳಿದ್ದನ್ನು ಸೂಜಿ ಹೊದಿಕೆಯ ಈಚೆಯಿಂದ ಕೇಳಿಸಿಕೊಂಡಳು. ಅಜ್ಜಿ ಯಾರನ್ನೂ ಬೈದಿರಲಿಲ್ಲ. ಆದರೂ ಸೂಜಿ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿ ತಲೆದಿಂಬು ಬಿಚ್ಚಿದಳು.

ಅವಳ ತಲೆದಿಂಬು ಎಂದರೆ ಒಂದು ಗಂಟು. ಅದರಲ್ಲಿ ತಾಯಿಯ ಒಂದು ಹೊದಿಕೆ, ಒಂದು ಬಾಚಣಿಗೆ, ಮತ್ತೆ ಏಳನೇ ಕ್ಲಾಸಿನ ನೀಲಿ ಲಂಗ. ಮುಂದಿನ ತಿಂಗಳು ಶಾಲೆ ತೆರೆಯುತ್ತದೆ, ಮುಂದಿನ ತಿಂಗಳು ತೆರೆಯುತ್ತದೆ ಎಂದು ಮೂರು ವರ್ಷ ತೊಳೆದು ಮಡಿಚಿಟ್ಟಿದ್ದ ಲಂಗ. ಓಡಿ ಬರುವಾಗ ಪಾತ್ರೆ ಬಿಟ್ಟಳು, ಹಾಸಿಗೆ ಬಿಟ್ಟಳು, ಇದನ್ನು ಯಾಕೆ ತಂದಳೋ ಅವಳಿಗೇ ಗೊತ್ತಿಲ್ಲ. ಮಗಳು ಬೆಳೆದಂತೆ ಬಿಚ್ಚಿ ಉದ್ದ ಮಾಡಬಹುದೆಂದು ತಾಯಿ ಅದರ ಕೆಳಗಡೆ ಮೂರು ಮಡಿಕೆ ಹಾಕಿ ಹೊಲಿದಿದ್ದಳು. ಒಂದನ್ನೂ ಬಿಚ್ಚುವ ಪ್ರಸಂಗ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅದನ್ನು ಮಾಮನ ಮೇಜಿನ ಮೇಲೆ ಇಟ್ಟಳು. ಮಾಮ ನೋಡಿದ. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿದ. ಯಾರದು ಎಂದು ಕೇಳಲಿಲ್ಲ, ಸೊಂಟಪಟ್ಟಿಯ ಅಳತೆಯೇ ಹೇಳುತ್ತಿತ್ತು.

‘ಮಡಿಕೆ ಬಿಚ್ಚಿದರೆ ಫ್ರಾಕಿಗೆ ಸಾಕು. ಆದರೆ ಮಡಿಕೆಯೊಳಗಿನ ಬಣ್ಣ ಹಾಗೇ ಕಡುನೀಲಿ ಉಳಿದಿರುತ್ತೆ, ಹೊರಗಿನದು ಬಿಸಿಲಿಗೆ ಬಿಳಿಚಿದೆ. ಮೂರು ಪಟ್ಟೆ ಕಾಣುತ್ತೆ.’

‘ಕಾಣಲಿ.’

‘ಅಳತೆ?’

‘ಎದೆ ಇಪ್ಪತ್ತಮೂರು, ಉದ್ದ ಇಪ್ಪತ್ತಾರು. ಭುಜ ಹತ್ತಕ್ಕೆ ಒಂಚೂರು ಕಮ್ಮಿ.’

‘ಮುಟ್ಟಿದ್ಯಾ ಅವಳನ್ನ?’

‘ನೋಡಿದ್ದೀನಿ.’

ಮಾಮ ಸೀಮೆಸುಣ್ಣ ಎತ್ತಿ ಗೆರೆ ಎಳೆದ. ಕತ್ತರಿ ಹಿಡಿದು ನಿಂತ. ‘ಹತ್ತು ಸಲ ಅಳೆದು ಒಂದು ಸಲ ಕತ್ತರಿಸಬೇಕು ಅಂತ ನಮ್ಮಪ್ಪ ಹೇಳೋರು. ಅಳತೆ ಆಯ್ತು. ನಿನ್ನನ್ನ ಇನ್ನೊಂದು ಸಲ ಕೇಳ್ತೀನಿ.’

‘ಅದು ಇನ್ನು ನನ್ನ ಮೈಗೆ ಬರಲ್ಲ, ಮಾಮ.’

ಕತ್ತರಿ ಬಟ್ಟೆಗೆ ಬಿದ್ದಾಗ ಅವಳು ಬಾಬಿನ್ನಿಗೆ ದಾರ ಸುತ್ತುತ್ತಾ ಗೋಡೆಯ ಕಡೆ ತಿರುಗಿದ್ದಳು. ಎಷ್ಟು ಸುತ್ತಿದಳೆಂದರೆ ದಾರ ಬಾಬಿನ್ನಿನಿಂದ ಹೊರಗೆ ಚೆಲ್ಲಿತು.

ಶನಿವಾರ ಊಟದ ಹೊತ್ತಿಗೆ ಫ್ರಾಕು ಸಿದ್ಧವಾಯಿತು. ಮಾಮ, ಗುಂಡಿಯಕ್ಕ ಇಬ್ಬರೂ ಸರದಿಗೆ ಹೋಗಿದ್ದರು. ಸೂಜಿ ಕುರ್ಚಿ ಬಿಟ್ಟು ಕೆಳಗಿಳಿದು ಮಿಷನ್ನಿನ ಅಡಿಯಲ್ಲಿ ಹಳದಿಯ ಪಕ್ಕ ನೆಲದ ಮೇಲೆ ಕೂತಳು. ತಲೆ ಬಗ್ಗಿಸಿ ಕೂರಬೇಕಾಯಿತು.

‘ಇದು ನಿಂದು.’

ಹಳದಿ ಪಟ್ಟೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ತಲೆಯಲ್ಲಾಡಿಸಿದಳು. ‘ಬೇಡ ಅಕ್ಕ.’

‘ಚೆನ್ನಾಗಿಲ್ವಾ?’

‘ಚೆನ್ನಾಗಿದೆ. ಬೇಡ.’ ಅವಳ ಎಡಮೊಣಕೈ ತನ್ನ ಪಕ್ಕೆಗೆ ಅಂಟಿಕೊಂಡಿತು. ಹತ್ತು ತಿಂಗಳಿಂದ ಸೂಜಿ ನೋಡುತ್ತಿದ್ದದ್ದು ಇದನ್ನೇ. ಯಾರು ಹತ್ತಿರ ಬಂದರೂ ಮೊದಲು ಮುಚ್ಚಿಕೊಳ್ಳುವುದು ಮುಖವಲ್ಲ, ಎಡಪಕ್ಕೆ. ಇಲ್ಲಿಯವರಿಗೆ ಅದು ಹಠ ಎನಿಸಿತ್ತು. ಸೂಜಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಬೇರೆಯವರ ತಾಯಿ ಹೊಲಿದಿಟ್ಟದ್ದನ್ನು ತಾನು ಯಾಕೆ ಆಡಬೇಕು?

‘ಅಲ್ಲಿ ಚೂರು ಇದೆ, ಅಲ್ವಾ?’ ಎಂದಳು.

ಹಳದಿಯ ಕಣ್ಣು ಅಗಲವಾಯಿತು.

‘ನಮ್ಮೂರಲ್ಲೂ ಹಾಕ್ತಿದ್ವಿ. ನಾನೇ ಹೊಲೀತಿದ್ದೆ.’ ಹೊಸ ಫ್ರಾಕನ್ನು ಒಳಮೈ ತಿರುಗಿಸಿ ತೋರಿಸಿದಳು. ‘ನೋಡು, ಇದಕ್ಕೂ ಮನೆ ಮಾಡಿದ್ದೀನಿ. ಅದನ್ನ ಅಲ್ಲಿಂದ ತೆಗೆದು ಇಲ್ಲಿಗೆ ಹಾಕ್ತೀನಿ. ನಿನ್ನ ಮುಂದೇನೇ. ನೀನೇ ಹಿಡ್ಕೊಂಡಿರು.’

ಹಳದಿ ಹೊಸ ಜೇಬಿನೊಳಗೆ ಬೆರಳು ಹಾಕಿ ನೋಡಿದಳು. ಕೊನೆಗೆ ಹಳದಿ ಮೊಣಕೈ ಎತ್ತಿದಳು.

ಸೂಜಿ ಒಂದೊಂದೇ ಹೊಲಿಗೆ ಬಿಚ್ಚಿದಳು. ಆ ತಾಯಿಗೆ ಹೊಲಿಗೆ ಅಷ್ಟಾಗಿ ಬಾರದು, ಅವಸರ ಬೇರೆ. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಗಂಟು ಮಾತ್ರ ಮೂರು ಮೂರು ಸಲ ಹಾಕಿದ್ದಳು. ಒಳಗಿನಿಂದ ಕಂದು ಬಣ್ಣದ, ಸಣ್ಣ ಬಿಳಿ ಚುಕ್ಕೆಯ ಒಂದು ಚೂರು ಬಂತು. ಸೂಜಿ ಅದನ್ನು ಬಿಡಿಸಿದಳು. ಹಿಂದೆ ಮುಂದೆ ತಿರುಗಿಸಿದಳು.

ಏನೂ ಇರಲಿಲ್ಲ. ಒಂದು ಕಡೆ ನೀಲಿಯ ಕಲೆ, ಮೋಡದ ಹಾಗೆ. ಹತ್ತು ತಿಂಗಳು ನಲ್ಲಿಯ ಕೆಳಗೆ ನಿಂತು ಮೈಯೊಂದಿಗೆ ತೊಳೆದುಕೊಂಡ ಪೆನ್ನಿನ ಶಾಯಿ.

ಸೂಜಿಯ ಕಣ್ಣ ಮುಂದೆ ಬಂದದ್ದು ಈ ಚೂರೊಂದೇ ಅಲ್ಲ. ಮೂವತ್ತೆಂಟೂ ಅವಳು ಪೆನ್ನಿನಲ್ಲೇ ಬರೆದದ್ದು, ದುಂಡಗೆ, ಒತ್ತಿ ಒತ್ತಿ. ದಾರದಲ್ಲಿ ಬರೆಯಬೇಕೆಂದು ಆಗ ಹೊಳೆದಿರಲಿಲ್ಲ. ಆ ಮೂವತ್ತೆಂಟು ಮಕ್ಕಳು ಯಾವ ಯಾವ ನಲ್ಲಿಯ ಕೆಳಗೆ ನಿಂತಿದ್ದಾರೋ.

‘ಏನು ಬರೆದಿದೆ, ಓದು ಅಕ್ಕ,’ ಎಂದಳು ಹಳದಿ.

ನಿನ್ನ ಹೆಸರೇ ಇದೆ ಎಂದುಬಿಡಬಹುದಿತ್ತು. ಓದು ಬಾರದ ಮಗು, ನಂಬುತ್ತಿತ್ತು. ಸೂಜಿ ನೀಲಿ ಕಲೆಯನ್ನು ಅವಳಿಗೆ ತೋರಿಸಿದಳು.

‘ಅಳಿಸಿಹೋಗಿದೆ ಪುಟ್ಟಿ. ನೀರಿಗೆ.’

ಹಳದಿ ಚೂರನ್ನು ಕಿತ್ತುಕೊಂಡಳು. ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಅವಳು ಅಳಲಿಲ್ಲ. ಅತ್ತಿದ್ದರೆ ಸೂಜಿಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು.

‘ಯಾರು ಕೇಳಿದ್ರೂ ಹೆಸರು ಹೇಳ್ಬೇಡ ಅಂದಿದ್ಳು ಅಮ್ಮ,’ ಎಂದಳು ಹಳದಿ ಕೊನೆಗೆ. ‘ಹೆಸರು ಕೇಳಿದ್ರೆ ಯಾವ ಕಡೆಯೋರು ಅಂತ ಗೊತ್ತಾಗುತ್ತಂತೆ. ನಿನ್ ಹೆಸರು ಇಲ್ಲಿದೆ, ಸುಮ್ನಿರು, ನಾನು ಬಂದು ತೆಗೀತೀನಿ ಅಂದ್ಳು.’

‘ಹ್ಞೂ.’

‘ಈಗ ಇಲ್ಲಿ ಇಲ್ಲ.’

‘ಅಲ್ಲಿ ಇಲ್ಲ,’ ಎಂದಳು ಸೂಜಿ. ಅವಳಿಗೆ ಇಷ್ಟು ಮಾತಾಡಿ ಅಭ್ಯಾಸವೇ ಇಲ್ಲ. ‘ಈಗ ಅದು ಇರೋದು ನಿನ್ನ ಹತ್ತಿರ ಒಂದೇ ಕಡೆ. ನೀನೂ ಇಟ್ಕೊಂಡು ಕೂತ್ರೆ... ಅಮ್ಮ ಹುಡುಕಿದಾಗ ಎಲ್ಲೂ ಸಿಗಲ್ಲ. ಟೀಚರ್ ಪುಸ್ತಕದಲ್ಲಿ ಇದ್ರೆ ಸಿಗಬಹುದು. ಸಿಗುತ್ತೆ ಅಂತ ನಾನು ಹೇಳಲ್ಲ. ಸಿಗಬಹುದು.’

‘ನೀನು ಇದರ ಮೇಲೆ ಬರೀತೀಯಾ?’

‘ನಾನು ಬರೆಯಲ್ಲ. ನನ್ನ ಬರಹ ನೀರಿಗೆ ನಿಲ್ಲಲ್ಲ. ನೀನು ಶಾಲೆಯಲ್ಲಿ ಕಲಿ. ಕಲಿತು ನೀನೇ ಪೆನ್ಸಿಲ್ಲಲ್ಲಿ ಬರಿ. ಅದರ ಮೇಲೆ ನಾನು ದಾರದಲ್ಲಿ ಹೊಲೀತೀನಿ. ಎಷ್ಟು ಒಗೆದ್ರೂ ಹೋಗಲ್ಲ.’

ಹಳದಿ ಯೋಚಿಸಿದಳು. ಆಮೇಲೆ ಮಂಡಿಯ ಮೇಲೆ ಎದ್ದು, ಸೂಜಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ಕಿವಿಯಲ್ಲಿ ತನ್ನ ಹೆಸರು ಹೇಳಿದಳು. ಬಿಸಿ ಉಸಿರು, ಪುಟ್ಟ ಹೆಸರು. ಸೂಜಿ ಅದನ್ನು ಒಮ್ಮೆ ತಿರುಗಿ ಹೇಳಿದಳು, ಸರಿಯಾಗಿದೆಯೇ ಎಂದು. ಹಳದಿ ತಲೆಯಾಡಿಸಿದಳು. ಆಮೇಲೆ ತಾನಾಗಿಯೇ ಎರಡೂ ಕೈ ಮೇಲೆತ್ತಿದಳು. ಹತ್ತು ತಿಂಗಳ ಫ್ರಾಕು ಬಿಗಿಯಾಗಿ ತಲೆಯಲ್ಲಿ ಸಿಕ್ಕಿಕೊಂಡು, ಎಳೆದು, ಹೊರಗೆ ಬಂತು.

ಸಂಜೆ ಟೀಚರ್ ಪುಸ್ತಕ ತೆರೆದು ಪೆನ್ನು ಹಿಡಿದು ಕೂತಾಗ ಹಳದಿ ಸೂಜಿಯ ಹಿಂದೆ ನಿಂತಿದ್ದಳು. ‘ನೀನು ಹೇಳು’ ಎಂಬಂತೆ ಬೆನ್ನಿಗೆ ಬೆರಳಿಂದ ತಿವಿದಳು. ಐದು ಜನರ ಮುಂದೆ ಸೂಜಿ ಆ ಹೆಸರು ಹೇಳಬೇಕಾಯಿತು. ಹೇಳಿದಳು. ಕಿವಿಯವರೆಗೂ ಕೆಂಪಾದಳು.

‘ಅಯ್ಯೋ, ಕಲ್ಲಿಂದ ನಾರು ಬಂತಲ್ರೀ!’ ಎಂದಳು ಗುಂಡಿಯಕ್ಕ. ‘ಒಂದಲ್ಲ, ಎರಡು ಕಲ್ಲಿಂದ.’ ಬೆಂಚಜ್ಜಿ ಮಾತ್ರ ಆ ಹೆಸರನ್ನು ನಾಲ್ಕಾರು ಸಲ ಬಾಯಲ್ಲಿ ಹೊರಳಿಸಿ ನೋಡಿ, ‘ಇಷ್ಟು ಚಂದದ್ದನ್ನ ಹೊಟ್ಟೆಯಲ್ಲಿಟ್ಕೊಂಡು ನನ್ನ ಕೈಲಿ ಪಾತ್ರೆ ಥರ ತೊಳೆಸಿಕೊಂಡ್ಯಲ್ಲೇ’ ಎಂದು ಕಣ್ಣೊರೆಸಿಕೊಂಡಳು.

ಟೀಚರ್ ಮೂರು ಪಟ್ಟೆಯ ಫ್ರಾಕು ನೋಡಿದರು. ಆ ಬಟ್ಟೆ ಎಲ್ಲಿಂದ ಬಂತೆಂದು ಮಾಮ ತಗ್ಗಿದ ದನಿಯಲ್ಲಿ ಹೇಳಿದ. ಟೀಚರ್ ಪುಸ್ತಕ ಮುಚ್ಚುತ್ತಾ, ‘ನೀನು ಎಷ್ಟನೇ ಕ್ಲಾಸಮ್ಮ?’ ಎಂದು ಸೂಜಿಯನ್ನು ಕೇಳಿದರು.

‘ಏಳು. ಅರ್ಧ.’

‘ವಯಸ್ಸು?’

‘ಹತ್ತೊಂಬತ್ತು.’

ಟೀಚರ್ ಫೈಲು ತಿರುವಿ ನೋಡಿದರು. ಅವರ ಫೈಲಿನಲ್ಲಿ ಹದಿನಾಲ್ಕು ದಾಟಿದವರಿಗೆ ಹಾಳೆ ಇರಲಿಲ್ಲ. ಸೂಜಿಯ ಭುಜ ತಟ್ಟಿ ಹೋದರು.

ಸೋಮವಾರ ಬೆಳಿಗ್ಗೆ ಅರವತ್ತಮೂರು ಮಕ್ಕಳು ಸಾಲಾಗಿ ಗೇಟು ದಾಟಿದರು. ಕೋಣೆಯ ಕಿಟಕಿಯಿಂದ ಸೂಜಿಗೆ ರಸ್ತೆಯ ತಿರುವಿನವರೆಗೆ ಕಾಣುತ್ತಿತ್ತು. ಕಡುನೀಲಿಯ ನಡುವೆ ಒಂದು ಬಿಳಿಚಿದ ನೀಲಿ, ಅದರ ಮೇಲೆ ಮೂರು ಪಟ್ಟೆ. ಅದು ಎರಡು ಸಲ ಹಿಂತಿರುಗಿ ನೋಡಿತು. ಎಡಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು.

ಮೊದಲ ವಾರ ಹಳದಿ ಶಾಲೆ ಬಿಟ್ಟೊಡನೆ ಓಡಿ ಬಂದು ಮಿಷನ್ನಿನ ಅಡಿ ಸೇರುತ್ತಿದ್ದಳು. ನೆಲದ ಮೇಲೆ ಮಾಮನ ಸೀಮೆಸುಣ್ಣದಿಂದ ಅಕ್ಷರ ಬರೆದು, ಸೂಜಿ ಕಾಲು ತೆಗೆಯುವವರೆಗೂ ಕಾದು, ಸರಿಯೇ ಎಂದು ಕೇಳುತ್ತಿದ್ದಳು. ಎರಡನೇ ವಾರ ದಿನ ಬಿಟ್ಟು ದಿನ. ನಾಲ್ಕನೇ ವಾರದ ಒಂದು ಮಧ್ಯಾಹ್ನ ಒಬ್ಬ ಗೆಳತಿಯನ್ನು ಜೊತೆಗೆ ಕರೆದುಕೊಂಡು ಬಂದಳು. ಶಾಲೆಯ ಪಕ್ಕದ ಬೀದಿಯವಳು, ಡಿಪೋದವಳಲ್ಲ. ಕಂದು ಚೂರನ್ನು ಮೇಜಿನ ಮೇಲಿಟ್ಟಳು. ಪೆನ್ಸಿಲ್ಲಿನಲ್ಲಿ ಅವಳ ಹೆಸರು, ಕೆಳಗೆ ತಾಯಿಯ ಹೆಸರು, ಅದರ ಕೆಳಗೆ ಡಿಪೋ, ಇಪ್ಪತ್ತೆರಡು. ಗೆರೆ ಬಿಟ್ಟು ಹತ್ತಿದ, ಇಳಿದ ಅಕ್ಷರಗಳು.

ಸೂಜಿ ಕೆಂಪು ದಾರ ಪೋಣಿಸಿದಳು. ಒಂದು ಅಕ್ಷರವನ್ನೂ ನೆಟ್ಟಗೆ ಮಾಡಲಿಲ್ಲ. ಸೊಟ್ಟಗಿದ್ದದ್ದನ್ನು ಸೊಟ್ಟಗೇ ಹೊಲಿದಳು, ಕಾಲು ಗಂಟೆ ತಲೆಯೆತ್ತದೆ. ಮಕ್ಕಳಿಬ್ಬರೂ ಅಷ್ಟು ಹೊತ್ತೂ ಯಾರ ಜಡೆ ಉದ್ದ ಎಂದು ಜಗಳವಾಡುತ್ತಿದ್ದರು. ಚೂರನ್ನು ಒಳಜೇಬಿಗೆ ಸೇರಿಸಿ ಹೊಲಿದು ಮುಗಿಸಿದಾಗ ಹಳದಿ ಪಕ್ಕೆಯನ್ನು ಒಮ್ಮೆ ತಟ್ಟಿ ನೋಡಿಕೊಂಡಳು, ‘ಹೋಗ್ತೀವಿ ಅಕ್ಕ’ ಎಂದಳು. ಹಲಗೆಗಳ ಮೇಲೆ ನಾಲ್ಕು ಕಾಲು ಧಡಧಡ ಓಡಿದ ಸದ್ದಾಯಿತು.

ಅದಾದ ಮೇಲೆ ಅವಳು ಕೋಣೆಗೆ ಬರಲಿಲ್ಲ. ಬರಬಾರದೆಂದಲ್ಲ. ಮಕ್ಕಳಿಗೆ ಸಂಜೆ ಎಂಬುದು ಚಿಕ್ಕದು.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಸೂಜಿ ದಾರ ತರುವ ನೆಪ ಮಾಡಿ ಗೇಟಿನವರೆಗೆ ಹೋದಳು. ರಸ್ತೆಯ ಆಚೆ ಐದಾರು ಹುಡುಗಿಯರ ಗುಂಪು, ನಡುವೆ ಮೂರು ಪಟ್ಟೆ. ಎರಡೂ ಕೈ ಬೀಸಿಕೊಂಡು ನಡೆಯುತ್ತಿದ್ದಳು. ಎಡಗೈಯೂ.

‘ಹಳದೀ,’ ಎಂದಳು ಸೂಜಿ.

ಯಾರೂ ತಿರುಗಲಿಲ್ಲ. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ ಆ ಇನ್ನೊಂದು ಹೆಸರು ಹಿಡಿದು ಕೂಗಿದರು, ಗಂಟಲು ಬಿಟ್ಟು, ಬೀದಿಗೆಲ್ಲ ಕೇಳುವಂತೆ. ಹುಡುಗಿ ‘ಏನೇ’ ಎಂದು ತಟ್ಟನೆ ತಿರುಗಿದಳು, ನಕ್ಕಳು, ಅವರ ಹಿಂದೆ ಓಡಿ ತಿರುವಿನಲ್ಲಿ ಮರೆಯಾದಳು.

ಆ ಹೆಸರು ಸೂಜಿಗೂ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಗೊತ್ತಾದದ್ದೇ ಅವಳಿಗೆ. ಆದರೆ ರಸ್ತೆ ದಾಟಿ ಕೇಳಿಸುವಷ್ಟು ಜೋರಾಗಿ ಕೂಗುವ ಗಂಟಲು ಅವಳದಲ್ಲ. ಗೇಟಿನ ಕಂಬದ ಪಕ್ಕ ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು.

‘ದಾರ ಸಿಕ್ತಾ?’ ಎಂದ ಮಾಮ.

‘ಇಲ್ಲ.’

‘ಬ್ರೇಕ್ ಗೂಡಲ್ಲಿ ಇನ್ನೂ ಮೂರು ಉಂಡೆ ಇದೆಯಲ್ಲೇ, ಹೇಳ್ಬಾರ್ದಿತ್ತಾ ನಂಗೆ?’

ಅವಳು ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಕಾಲಿಗೆ ತಗಡಿನ ಡಬ್ಬಿ ತಾಗಿತು. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮುಚ್ಚಳ ಗಟ್ಟಿಯಾಗಿದೆಯೇ ಎಂದು ನೋಡಿ, ತುಳಿಯತೊಡಗಿದಳು. ಮಿಷನ್ನಿನ ಸದ್ದು ಜೋರಾದ ಮೇಲೆ, ಯಾರಿಗೂ ಕೇಳದಂತೆ, ಆ ಹೆಸರನ್ನು ಒಂದು ಸಲ ಕರೆದಳು.